ಕೆರೆಗೆ ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನು ಬಿಡುವ ಮುನ್ನ

ಸದಸ್ಯರ ಗಮನಕ್ಕೆ: ನಮ್ಮ ಕೆರೆ, ತೋಡು, ಬಾವಿಗಳಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ನಿಲ್ಲುವ, ನೆತ್ತಿಯ ಮೇಲೆ ಹೊಳೆಯುವ ಚುಕ್ಕೆಯುಳ್ಳ ಪುಟ್ಟ ಮೀನುಗಳು ಸಾಮಾನ್ಯವಾಗಿ ಇಲ್ಲಿನವೇ ಆದ ಪ್ಯಾಂಚಾಕ್ಸ್‌ಗಳು. ಇವುಗಳಲ್ಲಿ ದೊಡ್ಡದಾದ ಅಪ್ಲೋಕೈಲಸ್ ಲಿನಿಯೇಟಸ್ ಸುಮಾರು 10 ಸೆಂ.ಮೀ. ಬೆಳೆಯುತ್ತದೆ, ತಲೆ ಚಪ್ಪಟೆಯಾಗಿ, ಬಾಯಿ ಮೇಲ್ಮುಖವಾಗಿ ಇರುವುದರಿಂದ ನೀರಿಗೆ ಬಿದ್ದ ಕೀಟಗಳನ್ನೂ, ಉಸಿರಾಟಕ್ಕೆ ಮೇಲೇರುವ ಸೊಳ್ಳೆಮರಿಗಳನ್ನೂ ಸಲೀಸಾಗಿ ಹಿಡಿಯುತ್ತದೆ. ಹೆಣ್ಣು ಮೀನು ಜಲಸಸ್ಯಗಳ ಎಳೆಗಳಿಗೆ ಮೊಟ್ಟೆ ಅಂಟಿಸುತ್ತದೆ. ಆದ್ದರಿಂದ ಕೆರೆ ಶುಚಿಗೊಳಿಸುವವರು ಅಂಚಿನ ಸಸ್ಯಗಳನ್ನು ಪೂರ್ತಿಯಾಗಿ ಕಿತ್ತುಹಾಕಬಾರದೆಂದು ಕೋರುತ್ತೇವೆ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಸ್ಥಳೀಯ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಸೊಳ್ಳೆಮರಿ ತಿನ್ನುವ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿರುವ ಮೀನು ಇಲ್ಲಿಯೇ ಇರುವಾಗ, ದಯವಿಟ್ಟು ಗ್ಯಾಂಬೂಸಿಯಾವನ್ನು ಯಾವ ಕೆರೆಗೂ ಬಾವಿಗೂ ಬಿಡಬೇಡಿ.