ಥೆರಪಿ ಕೊಠಡಿಯೊಳಗೆ ಪಾಲಕರನ್ನೂ ಬಿಡಿ

ಮಾನ್ಯ ಸಂಪಾದಕರೇ,

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಆಟಿಸಂ ಅಂದರೆ ಮಗುವಿನ ಮಾತು, ಒಡನಾಟ, ನಡವಳಿಕೆ ಬೇರೆಯದೇ ರೀತಿಯಲ್ಲಿ ಬೆಳೆಯುವ ಸ್ಥಿತಿ. ಆ ದಿನ ಜಾಥಾ, ಬ್ಯಾನರು, ಭಾಷಣ ಎಲ್ಲ ಇರುತ್ತವೆ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಮಾರನೇ ದಿನ ನಮ್ಮ ತಾಲ್ಲೂಕಿನ ಒಬ್ಬ ತಾಯಿ ಮಾತು ಬಾರದ ಮೂರು ವರ್ಷದ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಅದನ್ನು ಕೇಳಲು ಈ ಪತ್ರ.

ನನ್ನದು ಚಿತ್ತಾಪುರದಲ್ಲಿ ಕಿರಾಣಿ ಅಂಗಡಿ. ಮಗನಿಗೆ ಈಗ ಏಳು ವರ್ಷ, ಆಟಿಸಂ ಇದೆ. ಗೊತ್ತಾದಾಗ ನಾಲ್ಕಾಗಿತ್ತು. ಅಲ್ಲಿವರೆಗೆ ಗಂಡು ಹುಡುಗರು ತಡವಾಗಿ ಮಾತಾಡ್ತಾರೆ ಅಂತ ಓಣಿಯವರೆಲ್ಲ ಧೈರ್ಯ ಹೇಳಿದ್ದೇ ಹೇಳಿದ್ದು. ಕಲಬುರಗಿಯ ಒಂದು ಖಾಸಗಿ ಥೆರಪಿ ಕೇಂದ್ರಕ್ಕೆ ಸೇರಿಸಿದೆವು. ಅಂಗಡಿ ತಮ್ಮನಿಗೆ ಒಪ್ಪಿಸಿ ಬಸ್ಸು ಹತ್ತುವುದು, ಮುಕ್ಕಾಲು ಗಂಟೆ ಸೆಷನ್, ಮತ್ತೆ ಬಸ್ಸು. ಸೆಷನ್ ಮುಗಿಯುವವರೆಗೆ ಪಾಲಕರು ಹೊರಗಿನ ಬೆಂಚಿನ ಮೇಲೆ, ಬಾಗಿಲು ಬಂದ್. ಏನು ಕಲಿಸಿದಿರಿ ಅಂತ ಕೇಳಿದರೆ ‘ಚೆನ್ನಾಗಿ ಕೂತಿದ್ದ, ಐ ಕಾಂಟ್ಯಾಕ್ಟ್ ಇಂಪ್ರೂವ್ ಆಗ್ತಿದೆ’ ಅನ್ನುವುದೊಂದೇ ಉತ್ತರ.

ಒಮ್ಮೆ ಬಾಗಿಲು ಅರ್ಧ ತೆರೆದಿದ್ದಾಗ ನನ್ನ ಹೆಂಡತಿ ನೋಡಿದಳು. ಥೆರಪಿಸ್ಟ್ ಬಿಸ್ಕೀಟನ್ನು ತಮ್ಮ ಕಣ್ಣಿನ ಹತ್ತಿರ ಹಿಡಿದುಕೊಂಡು, ಹುಡುಗ ದಿಟ್ಟಿಸಿ ನೋಡುವವರೆಗೂ ಕೊಡುತ್ತಿರಲಿಲ್ಲ. ಅವನು ಅಳುತ್ತಿದ್ದ. ಅಲ್ಲಿ ಕುರ್ಚಿಯಲ್ಲಿ ಕೂರುವುದನ್ನು ಕಲಿತ, ನಿಜ. ಆದರೆ ಮನೆಯಲ್ಲಿ ನೀರು ಬೇಕು ಅಂತ ತಿಳಿಸಲು ಬರುತ್ತಿರಲಿಲ್ಲ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಮೊದಲು ಬೇಕಾ, ಬೇಕಾದ್ದನ್ನು ತಿಳಿಸಲು ಬರುವುದು ಮೊದಲು ಬೇಕಾ? ನಮ್ಮನ್ನು ಒಂದು ಮಾತು ಕೇಳಬಹುದಿತ್ತು ಅಲ್ವಾ?

ಹಾಗಂತ ವರ್ತನಾ ಚಿಕಿತ್ಸೆ, ಅಂದರೆ ನಡವಳಿಕೆಯನ್ನು ಹಂತಹಂತವಾಗಿ ತಿದ್ದಿ ಕಲಿಸುವ ಇಂಥ ಥೆರಪಿಯೇ ಬೇಡ ಅನ್ನುವವನಲ್ಲ ನಾನು. ಸರಿಯಾಗಿ ಸಿಕ್ಕರೆ ಏನಾಗುತ್ತದೆ ಅಂತಲೂ ಕಂಡಿದ್ದೇನೆ. ಪರಿಚಯದವರೊಬ್ಬರಿಂದ ಸೊಲ್ಲಾಪುರದ ಥೆರಪಿಸ್ಟ್ ಒಬ್ಬರು ಸಿಕ್ಕರು, ಕನ್ನಡ ಬಲ್ಲವರು. ವಾರಕ್ಕೊಮ್ಮೆ ವಿಡಿಯೊ ಕಾಲ್. ಅವರು ಹುಡುಗನಿಗೆ ಕಲಿಸಿದ್ದು ಕಡಿಮೆ, ನನ್ನ ಹೆಂಡತಿಗೆ ಕಲಿಸಿದ್ದೇ ಜಾಸ್ತಿ. ಮೊದಲು ಕೊಟ್ಟ ಕೆಲಸ ಬರೆಯುವುದು. ತಲೆ ಚಚ್ಚಿಕೊಂಡಾಗಲೆಲ್ಲ ಅದಕ್ಕೆ ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು, ಇಷ್ಟು ಬರೆಯಬೇಕು. ಅಂಗಡಿಯ ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಬರೆದೆವು.

ಬರೆಯುತ್ತಾ ಹೋದಂತೆ ಒಂದು ವಿಷಯ ಕಂಡಿತು. ಹೆಚ್ಚಿನ ಸಲ ಅದು ರೊಟ್ಟಿ ಬಡಿಯುವ ಹೊತ್ತು. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ಸದ್ದು ಪಕ್ಕದ ಮನೆಗೂ ಕೇಳುತ್ತದೆ. ನಮಗೆ ಅದು ಸದ್ದು ಅಂತಲೇ ಅನಿಸುವುದಿಲ್ಲ, ಅವನಿಗೆ ತಡೆಯಲು ಆಗುತ್ತಿರಲಿಲ್ಲ. ತಲೆ ಚಚ್ಚಿಕೊಂಡ ಕೂಡಲೇ ಅವರವ್ವ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು, ಸದ್ದು ನಿಲ್ಲುತ್ತಿತ್ತು. ಚಚ್ಚಿಕೊಂಡರೆ ಸದ್ದು ನಿಲ್ಲುತ್ತದೆ, ಹುಡುಗ ಕಲಿತದ್ದು ಅಷ್ಟೇ. ಓಣಿಯಲ್ಲಿ ಹಠ ಅಂದವರಿದ್ದರು, ಗಾಳಿ ಸೋಕಿದೆ ಅಂದವರೂ ಇದ್ದರು.

ಆಮೇಲೆ ನಮ್ಮ ಮನೆ ಬಾಗಿಲಿನದೇ ಒಂದು ಫೋಟೊ ತೆಗೆಸಿ ಕಾರ್ಡ್ ಮಾಡಿದೆವು. ಅವರವ್ವ ರೊಟ್ಟಿ ಬಡಿಯಲು ಕೂರುವ ಮೊದಲು ಅವನು ಆ ಕಾರ್ಡ್ ನಮ್ಮ ಕೈಗೆ ಕೊಡಬೇಕು, ಕೊಟ್ಟ ತಕ್ಷಣ ಹೊರಗಿನ ಕಟ್ಟೆಗೆ ಕರೆದುಕೊಂಡು ಹೋಗಬೇಕು. ‘ತಡಿ, ಒಂದು ನಿಮಿಷ’ ಅಂದರೆ ಕೆಟ್ಟಿತು. ಮೊದಮೊದಲು ಕೈ ಹಿಡಿದು ಕೊಡಿಸುತ್ತಿದ್ದೆವು, ನಂತರ ಮೊಣಕೈ ಮುಟ್ಟಿದರೆ ಸಾಕಾಯಿತು, ಆಮೇಲೆ ಅದೂ ಬೇಕಾಗಲಿಲ್ಲ. ಈಗ ಹಿಟ್ಟಿನ ಡಬ್ಬಿ ತೆರೆದರೆ ಸಾಕು, ಕಾರ್ಡ್ ತಂದು ಅಂಗಡಿಯ ಗಲ್ಲೆಯ ಮೇಲೆ ಇಟ್ಟು ನಿಲ್ಲುತ್ತಾನೆ. ‘ಸಾವ್ಕಾರ್ರ, ಮನ್ಯಾಗ ರೊಟ್ಟಿ ಶುರು ಆತು ನೋಡ್ರಿ’ ಅಂತ ಗಿರಾಕಿಗಳೇ ಹೇಳುತ್ತಾರೆ. ಚಚ್ಚಿಕೊಳ್ಳುವುದು ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ. ಮಾತು ಇನ್ನೂ ಬಂದಿಲ್ಲ.

ವಾರಕ್ಕೆ 40 ಗಂಟೆ ಥೆರಪಿ ಆಗಲೇಬೇಕು ಅಂತ ಹೆದರಿಸುವವರಿದ್ದಾರೆ. ಈ 40 ಗಂಟೆ ಪ್ರಸಿದ್ಧಿಗೆ ಬಂದದ್ದು ಅಮೆರಿಕದ ಇವಾರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅದರಲ್ಲಿ ಅಷ್ಟು ಥೆರಪಿ ಪಡೆದವರು 19 ಮಕ್ಕಳು. ಆ ಕಾಲದ ಪದ್ಧತಿಯಲ್ಲಿ ಗದರಿಕೆ, ಏಟು ಕೂಡ ಇದ್ದವು. ಆ ರೀತಿಯ ಥೆರಪಿಯಲ್ಲಿ ಬೆಳೆದ ಎಷ್ಟೋ ಮಂದಿ ದೊಡ್ಡವರಾದ ಮೇಲೆ ಅದನ್ನು ಕಟುವಾಗಿ ಟೀಕಿಸಿದ್ದಾರೆ. ಅಲ್ಲದೆ 40 ಗಂಟೆ ಅಂದರೆ ಒಂದು ಪೂರ್ಣಾವಧಿ ನೌಕರಿ. ಗಂಟೆಗಿಷ್ಟು ಅಂತ ಫೀ ಕಟ್ಟಿ ನಮ್ಮಂಥವರು ಎಲ್ಲಿಗೆ ಮುಟ್ಟಿಸೋಣ?

ಬೇರೆ ದಾರಿ ಇದೆ. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 65 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂತು. ಅಲ್ಲಿ ತಂದೆ-ತಾಯಿಗೆ ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಪಾಲಕರು ಮಗುವಿನ ಜೊತೆ ಆಡುವ ವಿಡಿಯೊ ತೆಗೆದು, ಅವರಿಗೇ ತೋರಿಸಿ, ಮಗು ಸನ್ನೆ ಮಾಡಿದ್ದನ್ನು ಎಲ್ಲಿ ಗಮನಿಸಿದಿರಿ ಅಂತ ಹೇಳಿಕೊಟ್ಟರು. ಮಕ್ಕಳು ತಾವಾಗಿಯೇ ಪಾಲಕರ ಜೊತೆ ಸಂವಹನ ಶುರು ಮಾಡುವುದು ಹೆಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಪಾಲಕರಿಗೆಂದೇ ತರಬೇತಿ ಪಠ್ಯ ಸಿದ್ಧಪಡಿಸಿದೆ. ಗೋವಾದಲ್ಲಿ ಆದದ್ದು ಚಿತ್ತಾಪುರ, ಸೇಡಂ, ಆಳಂದದಲ್ಲಿ ಯಾಕೆ ಆಗಬಾರದು?

ಹೊಸ ಕಾನೂನೇನೂ ಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು. ತೊಂದರೆ ಕಂಡವರನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು, ಅಲ್ಲಿ ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು ಇರಬೇಕು. ಕಾಗದದಲ್ಲಿ ಎಲ್ಲ ಇದೆ. ಜಿಲ್ಲೆಯಲ್ಲಿ ಈ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂದು ಆರೋಗ್ಯ ಇಲಾಖೆ ಪತ್ರಿಕೆಯಲ್ಲೇ ಪ್ರಕಟಿಸಲಿ.

ಖಾಸಗಿಗೆ ಹೋಗುವ ಪಾಲಕರಿಗೂ ಒಂದು ಮಾತು. ಥೆರಪಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಪೂರ್ತಿ ಗುಣ ಮಾಡ್ತೀವಿ ಅಂತ ಗ್ಯಾರಂಟಿ ಕೊಟ್ಟರೆ ಸುಮ್ನೆ ಎದ್ದು ಬನ್ನಿ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ಕಟ್ಟಡಕ್ಕೆ ದುಡ್ಡು ಕೊಡುವಂತೆ ಇದಕ್ಕೂ ಕೊಡಲಿ. ಕಟ್ಟಡ ನಾವು ಕೇಳುತ್ತಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಒಂದು ಕೋಣೆ, ಪಾಲಕರಿಗೆ ಕಲಿಸಲು ಒಬ್ಬರು, ಆ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ, ಅದಕ್ಕೆ ತಕ್ಕ ಗೌರವಧನ. ಆ ದಿನ ಸಂತೆಯ ದಿನವೇ ಆದರೆ ಇನ್ನೂ ಅನುಕೂಲ, ಹಳ್ಳಿಯಿಂದ ತಾಯಂದಿರು ಹೇಗೂ ಊರಿಗೆ ಬಂದಿರುತ್ತಾರೆ.

– ಆಟಿಸಂ ಇರುವ ಹುಡುಗನ ತಂದೆ,
ಚಿತ್ತಾಪುರ, ಕಲಬುರಗಿ ಜಿಲ್ಲೆ