ಘೋಷಣೆಯೇ ಆಗದ ಉಪಚುನಾವಣೆಗೆ ಪುಟ ಯಾಕೆ?

ಮಾನ್ಯ ಸಂಪಾದಕರೇ,

ಶಾಸಕರೊಬ್ಬರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಸಾಕು, ವಿಕಿಪೀಡಿಯದಂಥ ಅಂತರ್ಜಾಲದ ವಿಶ್ವಕೋಶದಲ್ಲಿ ಆ ಕ್ಷೇತ್ರದ ಉಪಚುನಾವಣೆಗೆಂದು ಹೊಸ ಪುಟ ಎದ್ದು ಬಿಡುವುದುಂಟು. ಚುನಾವಣಾ ಆಯೋಗ ದಿನಾಂಕ ಹೇಳಿರುವುದಿಲ್ಲ, ಅಧಿಸೂಚನೆಯೂ ಬಂದಿರುವುದಿಲ್ಲ. ಆದರೂ ಪುಟದ ತಲೆಬರಹದಲ್ಲಿ ವರ್ಷ ಇರುತ್ತದೆ, ಅಭ್ಯರ್ಥಿ ಕಾಲಂನಲ್ಲಿ ಯಾರದೋ ಹೆಸರೂ ಇರುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಇದು ಸರಿ ಕಾಣುವುದಿಲ್ಲ.

ನಮ್ಮ ಸುರಪುರಕ್ಕೆ ಇಂಥ ಕಾಯುವ ದಿನಗಳು ಗೊತ್ತು. ಶಾಸಕ ರಾಜಾ ವೆಂಕಟಪ್ಪ ನಾಯಕರು 2024ರ ಫೆಬ್ರವರಿಯಲ್ಲಿ ನಿಧನರಾದರು. ಮಾರ್ಚ್ 16ಕ್ಕೆ ಆಯೋಗ ಲೋಕಸಭೆಯ ವೇಳಾಪಟ್ಟಿ ಜೊತೆಗೇ ನಮ್ಮ ಉಪಚುನಾವಣೆಯನ್ನೂ ಘೋಷಿಸಿತು. ಮೇ 7ರಂದು ರಾಯಚೂರು ಲೋಕಸಭೆಗೂ ಸುರಪುರ ವಿಧಾನಸಭೆಗೂ ಒಟ್ಟಿಗೇ ಮತ ಹಾಕಿ ಬಂದೆವು. ನಡುವಿನ ಆ ವಾರಗಳಲ್ಲಿ ಚಹಾದಂಗಡಿಗಳಲ್ಲಿ ಎಷ್ಟು ಹೆಸರು ಓಡಾಡಿದವು! ಅಲ್ಲಿ ಓಡಾಡಲಿ, ಯಾರಿಗೂ ನಷ್ಟವಿಲ್ಲ. ವಿಶ್ವಕೋಶದಲ್ಲಿ ಬಂದರೆ ಮಾತ್ರ ನಮ್ಮ ಮಕ್ಕಳು ಅದನ್ನೇ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರೂ ಅಷ್ಟೇ.

ಖಾಲಿಯಾದ ಸ್ಥಾನಕ್ಕೆ ಆರು ತಿಂಗಳಲ್ಲಿ ಚುನಾವಣೆ ಆಗಲೇಬೇಕಲ್ವಾ, ಪುಟ ಇದ್ದರೆ ಏನು ತಪ್ಪು ಎಂದು ಕೇಳುವವರಿದ್ದಾರೆ. ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಆರು ತಿಂಗಳು ಎನ್ನುವುದು ನಿಜ. ಆದರೆ ಅದನ್ನು ಪೂರ್ತಿ ಓದಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಆ ಗಡುವು ಇಲ್ಲ. ಅಷ್ಟರೊಳಗೆ ನಡೆಸುವುದು ಕಷ್ಟ ಎಂದು ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ಆಯೋಗ ಪ್ರಮಾಣೀಕರಿಸಿದರೂ ಇಲ್ಲ.

ಪಕ್ಕದ ಮಸ್ಕಿಯನ್ನೇ ನೋಡಿ. 2019ರ ಜುಲೈನಲ್ಲಿ ಅನರ್ಹರಾದ ರಾಜ್ಯದ ಶಾಸಕರು ಮಸ್ಕಿಯವರೂ ಸೇರಿ 17 ಮಂದಿ. ಆಯೋಗ ಸೆಪ್ಟೆಂಬರಿನಲ್ಲಿ ಉಪಚುನಾವಣೆ ಘೋಷಿಸಿದ್ದು 15 ಕ್ಷೇತ್ರಕ್ಕೆ, ಮಸ್ಕಿ ಅದರಲ್ಲಿ ಇರಲಿಲ್ಲ. ಆ ದಿನಾಂಕವೂ ಉಳಿಯಲಿಲ್ಲ, ಅಕ್ಟೋಬರ್ 21ರಿಂದ ಡಿಸೆಂಬರ್ 5ಕ್ಕೆ ಹೋಯಿತು. ಮಸ್ಕಿಯಲ್ಲಿ 2018ರ ಗೆಲುವಿನ ಅಂತರ ಬರೀ 213 ಮತ. ಆ ಫಲಿತಾಂಶದ ಮೇಲೆ ಹೈಕೋರ್ಟಿನಲ್ಲಿ ತಕರಾರು ಇತ್ತು, ಹಾಗಾಗಿ ಆ ಕ್ಷೇತ್ರ ಹಿಂದೆ ಬಿತ್ತು. ಅಲ್ಲಿ ಮತದಾನ ನಡೆದದ್ದು 2021ರ ಏಪ್ರಿಲ್ 17ಕ್ಕೆ, ಬಸವಕಲ್ಯಾಣದ ಜೊತೆ. ಯಾರಾದರೂ ಆತುರದಲ್ಲಿ ‘2019ರ ಮಸ್ಕಿ ಉಪಚುನಾವಣೆ’ ಎಂದು ಪುಟ ಬರೆದಿದ್ದರೆ, ಅದರ ತಲೆಬರಹವೇ ಸುಳ್ಳಾಗುತ್ತಿತ್ತು.

ಲಕ್ಷದ್ವೀಪದಲ್ಲಿ 2023ರ ಫೆಬ್ರವರಿ 27ಕ್ಕೆ ಮತದಾನ ಎಂದು ಆಯೋಗವೇ ಘೋಷಿಸಿತ್ತು. ಸಂಸದರ ಸ್ಥಾನ ಹೋಗಲು ಕಾರಣವಾದ ಶಿಕ್ಷೆಗೆ ಕೇರಳ ಹೈಕೋರ್ಟ್ ತಡೆ ಕೊಟ್ಟ ಮೇಲೆ ಅದನ್ನು ತಡೆಹಿಡಿಯಿತು. ಘೋಷಿಸಿದ್ದೇ ನಿಲ್ಲುತ್ತದೆ ಎಂದ ಮೇಲೆ ಘೋಷಿಸದೇ ಇದ್ದುದನ್ನು ನಂಬುವುದು ಹೇಗೆ?

ಹಾಗಂತ ಖಾಲಿ ಕುರ್ಚಿಯ ಬಗ್ಗೆ ಬರೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಪುಣೆಯ ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಉಪಚುನಾವಣೆ ನಡೆಸಿ ಎಂದು ಬಾಂಬೆ ಹೈಕೋರ್ಟ್ ಡಿಸೆಂಬರಿನಲ್ಲಿ ಹೇಳಿತು, ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಒಂದು ವರ್ಷಕ್ಕೂ ಜಾಸ್ತಿ ಆ ಊರಿಗೆ ಲೋಕಸಭೆಯಲ್ಲಿ ಯಾರೂ ಇರಲಿಲ್ಲ. ಇದು ಬರೆಯಲೇಬೇಕಾದ ಸಂಗತಿ. ಆದರೆ ಅದರ ಜಾಗ ಪುಣೆ ಕ್ಷೇತ್ರದ ಪುಟ. ಸ್ಥಾನ ಯಾವಾಗ ಖಾಲಿಯಾಯಿತು, ಯಾಕೆ, ಕೋರ್ಟಿನಲ್ಲಿ ಏನಾಯಿತು ಎಂಬುದೆಲ್ಲ ಅಲ್ಲೇ ನಾಲ್ಕು ಸಾಲಿನಲ್ಲಿ ಬರಲಿ. ಆಯೋಗ ದಿನಾಂಕ ಘೋಷಿಸಿದ ದಿನ ಬೇರೆ ಪುಟ ಮಾಡಲಿ. ನಡೆಯುವುದು ಹೆಚ್ಚುಕಡಿಮೆ ಖಚಿತವಾದ ಘಟನೆಗಷ್ಟೇ ಮುಂಚಿತವಾಗಿ ಪುಟ ಇರಲಿ ಎಂಬ ಮಾತು ಇಂಗ್ಲಿಷ್ ವಿಕಿಪೀಡಿಯದ ನಿಯಮದಲ್ಲೇ ಇದೆ. ಕನ್ನಡದಲ್ಲಿ ಬರೆಯುವವರೂ ಅದನ್ನು ಗಟ್ಟಿಯಾಗಿ ಹಿಡಿಯಬೇಕು.

ಅಭ್ಯರ್ಥಿ ಕಾಲಂ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರುತ್ತದೆ. ಬಿ ಫಾರಂ ಸಿಗದವರ ಹೆಸರು ಅಲ್ಲಿ ಕೂತರೆ ಅದು ಸುಮ್ನೆ ಪ್ರಚಾರ. ಬೆಂಬಲಿಗರು ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ.

ಇದರಲ್ಲಿ ಪತ್ರಿಕೆಯವರ ಪಾಲೂ ಇದೆ, ಸಂಪಾದಕರೇ. ಪುಟ ಬರೆಯುವವರು ಆಧಾರ ಎಂದು ತೋರಿಸುವುದು ನಿಮ್ಮಂಥವರ ವರದಿಗಳನ್ನೇ. ಟಿಕೆಟ್ ಆಕಾಂಕ್ಷಿಗಳ ಫೋಟೊ ಹಾಕುವ ದಿನ, ಆಯೋಗ ಇನ್ನೂ ಚುನಾವಣೆ ಘೋಷಿಸಿಲ್ಲ ಎಂಬ ಒಂದು ಸಾಲನ್ನು ವರದಿಯ ಮೊದಲಿಗೇ ದಯವಿಟ್ಟು ಹಾಕಿ.

– ಸಮಾಜ ವಿಜ್ಞಾನ ಶಿಕ್ಷಕಿ, ಸುರಪುರ, ಯಾದಗಿರಿ ಜಿಲ್ಲೆ