ಕಪ್ಪು ಪರದೆ ಬಂದರೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯ ಸಾಲು ಎರಡು ದಿನದಿಂದ ಕೊರೆಯುತ್ತಿದೆ. ಆಫೀಸಿನ ವಿಂಡೋಸ್ 98 ಕಂಪ್ಯೂಟರ್ ನಿನ್ನ ತಲೆಗೆ ಬಂದಿದೆ, ಒಂದು ಬೆಳಿಗ್ಗೆ ಬರೀ ಕಪ್ಪು ಪರದೆ ಬಂದರೆ ಅಷ್ಟೂ ವರ್ಷದ ಲೆಕ್ಕ ಹೋದಂತೆಯೇ ಅಲ್ಲವಾ ಅಂತ ಕೇಳಿದ್ದೀಯ.

ಅಲ್ಲಮ್ಮ. ಹಾಗಂದುಕೊಂಡು ಕೆಟ್ಟವನು ನಾನು.

ವಿಂಡೋಸ್ 3.1 ಇದ್ದಾಗ ಈ ಭಯವೇ ಇರಲಿಲ್ಲ. ಸ್ವಿಚ್ ಹಾಕಿದರೆ ಬರುತ್ತಿದ್ದದ್ದೇ ಡಾಸ್‌ನ, ಅಂದರೆ ಅಕ್ಷರ ಒತ್ತಿ ಆಜ್ಞೆ ಕೊಡಬೇಕಾದ ಹಳೇ ವ್ಯವಸ್ಥೆಯ, ಕಪ್ಪು ಪರದೆ. ಡಬ್ಲ್ಯು-ಐ-ಎನ್ ಒತ್ತಿ ಎಂಟರ್ ಹೊಡೆದರೆ ವಿಂಡೋಸ್. ಅದರಿಂದ ಹೊರಬಂದರೆ ಮತ್ತೆ ಅದೇ ಕಪ್ಪು. 1995ರಲ್ಲಿ ವಿಂಡೋಸ್ 95 ಬಂದು ಡಾಸನ್ನು ಮೋಡದ ಚಿತ್ರದ ಹಿಂದೆ ಬಚ್ಚಿಟ್ಟಿತು. ಬಚ್ಚಿಟ್ಟಿತು ಅಷ್ಟೆ. ಮೊದಲು ಏಳುತ್ತಿದ್ದದ್ದು ಡಾಸೇ. ವಿಂಡೋಸನ್ನು ಎಬ್ಬಿಸಿ, ಯಜಮಾನಿಕೆ ಒಪ್ಪಿಸಿ, ಸಾಧನಗಳನ್ನು ನಡೆಸುವ ಹಳೇ ಪ್ರೋಗ್ರಾಂಗಳಿಗೆ, ಅಂದರೆ ಡ್ರೈವರ್‌ಗಳಿಗೆ, ಬೇಕಾದಾಗ ಮಾತ್ರ ಓಗೊಡುತ್ತಾ ಮೂಲೆಯಲ್ಲಿ ಕೂರುತ್ತಿತ್ತು. ನಿನ್ನ 98ರಲ್ಲೂ ಇದೇ ಏರ್ಪಾಡು.

ನನಗಿದು ತಿಳಿದಿರಲಿಲ್ಲ. ಒಂದು ದಿನ ಮೋಡ ಬರಲೇ ಇಲ್ಲ. ಸಿ, ಎರಡು ಚುಕ್ಕೆ, ಒಂದು ಓರೆಗೆರೆ, ಪಕ್ಕದಲ್ಲಿ ಮಿನುಗುವ ಗೀಟು. ಕಥೆ ಮುಗಿಯಿತು ಅಂದುಕೊಂಡೆ. ಗೊತ್ತಿದ್ದ ಮದ್ದು ಒಂದೇ: ಫ್ಲಾಪಿ ಹಾಕಿ ಫಾರ್ಮ್ಯಾಟ್ ಕೊಟ್ಟೆ. ಎಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಅಂತ ಪಾಪ ಅದು ಕೇಳಿತು ಕೂಡ. ವೈ ಒತ್ತಿದೆ.

ತಾತ ಹೇಳಿ ಬರೆಸಿದ ನೆನಪುಗಳು ಡಿಸ್ಕ್ ಕೆಟ್ಟು ಹೋದವು ಅಂತ ಮನೆಯಲ್ಲಿ ಹೇಳಿದ್ದೆನಲ್ಲ, ಡಿಸ್ಕ್ ಕೆಟ್ಟಿರಲಿಲ್ಲ ಪುಟ್ಟಿ. ಯಾರದೋ ಮಾತು ಕೇಳಿ, ಯಾವುದೋ ಆಟಕ್ಕೋಸ್ಕರ, ಎಂಎಸ್‌ಡಾಸ್ ಡಾಟ್ ಸಿಸ್ ಎಂಬ ಫೈಲಿನಲ್ಲಿ ಬೂಟ್‌ಜಿಯುಐ ಎಂಬುದರ ಮುಂದಿನ 1 ತೆಗೆದು 0 ಮಾಡಿ ಮರೆತಿದ್ದೆ. ವಿಂಡೋಸ್ ಕರೆಯದೆ ಡಾಸ್‌ನಲ್ಲೇ ನಿಲ್ಲು ಅಂತ ಅದರರ್ಥ. ಡಬ್ಲ್ಯು-ಐ-ಎನ್, ಆ ಮೂರಕ್ಷರ ಒತ್ತಿದ್ದರೆ ಸಾಕಿತ್ತು. ಇದು ತಿಳಿಯುವಾಗ ಮತ್ತೆ ಹೇಳಿಸಿ ಬರೆದುಕೊಳ್ಳಲು ತಾತ ಇರಲಿಲ್ಲ.

ಅದಕ್ಕೇ ನಿನ್ನ ಸಾಲು ಓದಿ ಎದೆ ಧಸಕ್ಕೆಂದಿತು. ಕಪ್ಪು ಪರದೆ ಬಂದರೆ ಮೊದಲು ಡಿ-ಐ-ಆರ್ ಒತ್ತಿ ನೋಡು. ಫೋಲ್ಡರ್‌ಗಳ ಹೆಸರು ಸಾಲಾಗಿ ಬಂದರೆ ಡಿಸ್ಕ್ ಜೀವಂತ ಇದೆ. ಉದ್ದದ ಹೆಸರುಗಳು ಆರಕ್ಷರಕ್ಕೆ ಮೊಟಕಾಗಿ, ಬಾಲದಲ್ಲೊಂದು ಅಲೆಗೆರೆ, 1 ಅಂತ ಕಾಣುತ್ತವೆ. ಬರೀ ಡಾಸ್‌ಗೆ ಉದ್ದದ ಹೆಸರು ಓದಲು ಬರದು, ಗಾಬರಿಯಾಗಬೇಡ. ಮುಂದೆ ಬಂದ ವಿಂಡೋಸ್ ಎಕ್ಸ್‌ಪಿಗೆ ಈ ಮಾತು ಒಪ್ಪುವುದಿಲ್ಲ. ಅದು ಎನ್‌ಟಿ ಎಂಬ ಬೇರೆಯೇ ವಿಂಡೋಸ್ ವಂಶದ್ದು, ಅಡಿಯಲ್ಲಿ ಡಾಸೇ ಇಲ್ಲ. ಅಲ್ಲಿನ ಕಪ್ಪು ಕಿಟಕಿಯೂ ವಿಂಡೋಸಿನದೇ ಒಂದು ಪ್ರೋಗ್ರಾಂ.

ಡಿಸ್ಕೇ ಸತ್ತರೆ ನನ್ನ ಮಾತು ಯಾವುದಕ್ಕೂ ಬಾರದು, ಅದೂ ನಿಜ. ಲೆಕ್ಕದ ಫೋಲ್ಡರನ್ನು ಇವತ್ತೇ, ವಿಂಡೋಸ್ ನೆಟ್ಟಗಿರುವಾಗಲೇ, ಇನ್ನೊಂದು ಕಡೆ ಕಾಪಿ ಮಾಡಿಡು. ನಿನಗೆ ಗೊತ್ತಿರುವುದೇ, ಆದರೂ.

ಫಾರ್ಮ್ಯಾಟ್ ವಿಷಯ ನಿನ್ನಪ್ಪನಿಗೆ ನೀನು ಹೇಳಬೇಡ. ನಾನೇ ಬರೆಯುತ್ತೇನೆ.

ಇಂತು,
ದೊಡ್ಡಪ್ಪ